ಯಾರಿಗೂ ತೋರಿಸಬೇಕಿಲ್ಲದ ಪುಟಗಳು: ಆರ್ಟ್ ಜರ್ನಲ್ ಶುರು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಡೈರಿಯಲ್ಲಿ ಮಾತು ಇರುತ್ತದೆ. ಸ್ಕೆಚ್ ಬುಕ್ಕಿನಲ್ಲಿ ಚಿತ್ರ ಇರುತ್ತದೆ. ಆರ್ಟ್ ಜರ್ನಲ್‌ನಲ್ಲಿ ಎರಡೂ ಒಂದೇ ಪುಟಕ್ಕೆ ಬರುತ್ತವೆ: ಬಣ್ಣ, ಗೀಚು, ಅಂಟಿಸಿದ ಕಾಗದದ ಚೂರು, ಯಾರಿಗೂ ಹೇಳಿರದ ಒಂದು ಸಾಲು. ಪುಟ ಚೆಂದ ಕಾಣಬೇಕು ಅನ್ನುವ ನಿಯಮ ಇಲ್ಲ. ಚಿತ್ರ ಬಿಡಿಸಲು ಬರಬೇಕು ಅಂತಲೂ ಇಲ್ಲ.

ನಮ್ಮ ಕಡೆ ಇದು ಪೂರ್ತಿ ಹೊಸ ವಿಷಯವೂ ಅಲ್ಲ. ಎಷ್ಟೋ ಮನೆಗಳಲ್ಲಿ ಒಂದು ರಂಗೋಲಿ ಪುಸ್ತಕ ಇರುತ್ತದೆ. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಚುಕ್ಕಿ ಇಟ್ಟು, ಗೆರೆ ಎಳೆದು, ಪಕ್ಕದಲ್ಲಿ "15ರಿಂದ 8, ಮಧ್ಯೆ ಚುಕ್ಕಿ" ಅಂತ ಬರೆದಿರುತ್ತಾರೆ. ನಡುನಡುವೆ ವಾರಪತ್ರಿಕೆಯಿಂದ ಕತ್ತರಿಸಿದ ಚಿತ್ರ, ಹಾಲಿನ ಲೆಕ್ಕ, ದೇವರನಾಮದ ಎರಡು ಸಾಲು. ಅಮ್ಮನೋ ಅಜ್ಜಿಯೋ ಅದನ್ನು ಕಲೆ ಅಂದುಕೊಂಡು ಮಾಡಿದ್ದಲ್ಲ. ತಮಗೆ ಬೇಕು ಅಂತ ಮಾಡಿಕೊಂಡಿದ್ದು. ಆರ್ಟ್ ಜರ್ನಲ್‌ಗೂ ಅದೇ ಮನಸ್ಸು ಸಾಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪುಸ್ತಕವನ್ನು ಯಾರಿಗೂ ತೋರಿಸಬೇಕಿಲ್ಲ. ಫೋಟೋ ತೆಗೆದು ಹಾಕಬೇಕು ಅನ್ನುವ ಯೋಚನೆ ಬಂದ ಕೂಡಲೇ ಕೈ ಬಿಗಿಯಾಗುತ್ತದೆ, ಸುರಕ್ಷಿತವಾದ ಹೂವು, ಚಿಟ್ಟೆಗಳೇ ಬರಲು ಶುರುವಾಗುತ್ತವೆ. ಅರ್ಧಕ್ಕೆ ನಿಂತ ಜರ್ನಲ್‌ಗಳಲ್ಲಿ ಜಾಸ್ತಿ ನಿಂತಿರುವುದು ಇದರಿಂದಲೇ ಅಂತ ನನ್ನ ನಂಬಿಕೆ. ಕನಿಷ್ಠ ಮೊದಲ ಪುಸ್ತಕವನ್ನಾದರೂ ಪೂರ್ತಿ ನಿಮ್ಮದಾಗಿಯೇ ಇಟ್ಟುಕೊಳ್ಳಿ.

ಕೈ ಪಳಗಿಲ್ಲದವರಿಗೆ ಇದರಿಂದ ಏನು ಪ್ರಯೋಜನ ಅಂತ ಕೇಳಬಹುದು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 39 ವಯಸ್ಕರು 45 ನಿಮಿಷ ಮಾರ್ಕರ್, ಜೇಡಿಮಣ್ಣು, ಕಾಗದದ ಚೂರುಗಳನ್ನು ಇಟ್ಟುಕೊಂಡು ತೋಚಿದ್ದು ಮಾಡಿದರು. ಮುಂಚೆ ಮತ್ತು ಆಮೇಲೆ ಎಂಜಲು ಪರೀಕ್ಷೆ ಮಾಡಿ ನೋಡಿದರೆ, ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿದಿತ್ತು. ಕಲೆಯ ಅನುಭವ ಇದ್ದವರಿಗೂ ಇಲ್ಲದವರಿಗೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನ, ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. ಆದರೂ "ನಂಗೆ ಡ್ರಾಯಿಂಗ್ ಬರಲ್ಲ" ಅಂತ ಹಿಂದೆ ಸರಿಯುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಪುಸ್ತಕ ಆರಿಸುವುದು

ಕಾಗದದ ದಪ್ಪವನ್ನು ಜಿಎಸ್ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಅನ್ನುವ ಲೆಕ್ಕ. ಜೆರಾಕ್ಸ್ ಹಾಳೆ 70ರಿಂದ 80. ಇದರ ಮೇಲೆ ನೀರು ಬಿದ್ದರೆ ಸುಕ್ಕಾಗುತ್ತದೆ. ಪೆನ್ನು, ಪೆನ್ಸಿಲ್, ಅಂಟಿಸುವ ಕೆಲಸ ಇಷ್ಟೇ ಆದರೆ 120 ನಡೆಯುತ್ತದೆ. ಬಣ್ಣವೂ ಬೇಕು ಅಂದರೆ 180-200 ತೆಗೆದುಕೊಳ್ಳಿ. ನೀರು ಧಾರಾಳವಾಗಿ ಬಳಸುವವರಿಗೆ 300. ಆದರೆ 300 ಜಿಎಸ್ಎಂ ಪುಸ್ತಕ ದುಬಾರಿ, ಹಾಳೆಯೂ ಕಡಿಮೆ. ಬೆಲೆ ಜಾಸ್ತಿ ಆದಷ್ಟೂ ಹಾಳೆ ಹಾಳಾಗುತ್ತೆ ಅನ್ನುವ ಭಯವೂ ಜಾಸ್ತಿ. ಹಾಗಾಗಿ ಶುರುವಿಗೆ ನಾನು ಹೇಳುವುದು ಎ5 ಅಳತೆಯ (ಸಾಮಾನ್ಯ ಜೆರಾಕ್ಸ್ ಹಾಳೆಯ ಅರ್ಧದಷ್ಟು), 180ರ ಆಸುಪಾಸಿನ ಸಾದಾ ಪುಸ್ತಕ.

ಸ್ಪೈರಲ್ ಪುಸ್ತಕ ಮಟ್ಟಸವಾಗಿ ಬಿಚ್ಚಿಕೊಳ್ಳುತ್ತದೆ, ಅಂಟಿಸಿ ಅಂಟಿಸಿ ದಪ್ಪ ಆದರೂ ತಡೆದುಕೊಳ್ಳುತ್ತದೆ. ಹೊಲಿಗೆ ಹಾಕಿದ ಪುಸ್ತಕದಲ್ಲಿ ಎರಡು ಪುಟಕ್ಕೂ ಸೇರಿಸಿ ಒಂದೇ ಚಿತ್ರ ಮಾಡಬಹುದು.

ದುಡ್ಡೇ ಹಾಕದೆ ಶುರು ಮಾಡಬೇಕಾ? ಓದದೆ ಬಿದ್ದಿರುವ ಒಂದು ಗಟ್ಟಿ ರಟ್ಟಿನ ಪುಸ್ತಕ ಹುಡುಕಿ. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಹಳೆ ಪುಸ್ತಕ ಅಗ್ಗಕ್ಕೆ ಸಿಗುತ್ತದೆ. ಬೆನ್ನಿನ ಕಡೆ ನೋಡಿ: ದಾರದ ಹೊಲಿಗೆ ಇದ್ದರೆ ತಗೊಳ್ಳಿ, ಬರೀ ಅಂಟು ಹಚ್ಚಿದ್ದಾದರೆ ಬೇಡ, ಹಾಳೆ ಉದುರುತ್ತದೆ. ಪ್ರತಿ ಮೂರು ನಾಲ್ಕು ಹಾಳೆಗೆ ಒಂದನ್ನು, ಬೆನ್ನಿನ ಹತ್ತಿರ ಎರಡು ಸೆಂಟಿಮೀಟರ್ ಬಿಟ್ಟು ಕತ್ತರಿಸಿ ತೆಗೆಯಿರಿ. ಆಮೇಲೆ ಅಂಟಿಸುವ ಕಾಗದಕ್ಕೆ ಜಾಗ ಆಗಬೇಕಲ್ಲ, ಅದಕ್ಕೆ. ಉಳಿದ ಹಾಳೆಗಳನ್ನು ಎರಡೆರಡಾಗಿ ಗ್ಲೂ ಸ್ಟಿಕ್ಕಿನಿಂದ ಅಂಟಿಸಿದರೆ ಬಣ್ಣ ಹಿಡಿಯುವಷ್ಟು ದಪ್ಪ ಬರುತ್ತದೆ. ಅಚ್ಚಾದ ಸಾಲುಗಳು ಅಲ್ಲಲ್ಲಿ ಇಣುಕಿದರೆ ಪುಟಕ್ಕೆ ಚೆಂದವೇ.

ಸಾಮಾನು

ಬೇಕಾಗಿದ್ದು ಕಡಿಮೆ: ಒಂದು ಪೆನ್ಸಿಲ್, ನೀರಿಗೆ ಕರಗದ ಕಪ್ಪು ಪೆನ್ನು, ಮೂರು ನಾಲ್ಕು ಅಕ್ರಿಲಿಕ್ ಬಣ್ಣ, ಬಿಳಿ ಅಕ್ರಿಲಿಕ್ ಒಂದು ದೊಡ್ಡ ಟ್ಯೂಬ್, ಅರ್ಧ ಇಂಚಿನ ಚಪ್ಪಟೆ ಬ್ರಶ್, ಗ್ಲೂ ಸ್ಟಿಕ್, ಕತ್ತರಿ, ಅವಧಿ ಮುಗಿದ ಎಟಿಎಂ ಕಾರ್ಡ್. ಈ ಕಾರ್ಡ್ ಮರೆಯಬೇಡಿ. ಬಣ್ಣವನ್ನು ತೆಳ್ಳಗೆ ಸವರಲು ಬ್ರಶ್ಶಿಗಿಂತ ಇದೇ ಮೇಲು.

ಪೆನ್ನನ್ನು ಪರೀಕ್ಷೆ ಮಾಡಿಯೇ ಬಳಸಿ. ಒಂದು ಗೆರೆ ಎಳೆದು, ಐದು ನಿಮಿಷ ಬಿಟ್ಟು, ಒದ್ದೆ ಬೆರಳಿನಿಂದ ಉಜ್ಜಿ. ಹರಡಿದರೆ ಅದನ್ನು ಬಣ್ಣ ಒಣಗಿದ ಮೇಲಷ್ಟೇ ಬಳಸಬೇಕು. ಸಾಮಾನ್ಯ ಜೆಲ್ ಪೆನ್ನು ಹೆಚ್ಚಾಗಿ ಹರಡುತ್ತದೆ. ಬಾಲ್ ಪೆನ್ನಿನ ಶಾಯಿ ಎಣ್ಣೆಯದ್ದು, ಅದಕ್ಕೆ ನೀರಿನ ಭಯ ಕಡಿಮೆ.

ಬಣ್ಣದಲ್ಲೂ ಒಂದು ವ್ಯತ್ಯಾಸ ಗೊತ್ತಿರಬೇಕು. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ಕಿನಂಥ ಪದರ, ಮತ್ತೆ ಕರಗುವುದಿಲ್ಲ. ಪೋಸ್ಟರ್ ಕಲರ್ ಮತ್ತು ವಾಟರ್ ಕಲರ್ ನೀರು ತಾಗಿದರೆ ಮತ್ತೆ ಎದ್ದು ಬರುತ್ತವೆ. ಪದರದ ಮೇಲೆ ಪದರ ಹಾಕುವ ಕೆಲಸಕ್ಕೆ ಅಕ್ರಿಲಿಕ್ ಸುಲಭ ಅನ್ನುವುದು ಈ ಕಾರಣಕ್ಕೆ. ಆಯಿಲ್ ಪೇಸ್ಟಲ್ ಇದ್ದರೆ ಕೊನೆಯಲ್ಲಿ ಬಳಸಿ, ಅದರ ಮೇಣದ ಮೇಲೆ ನೀರಿನ ಬಣ್ಣ ನಿಲ್ಲುವುದಿಲ್ಲ. ಬೇಕಂತಲೇ ಮೊದಲು ಬಳಸುವುದೂ ಉಂಟು: ಬಿಳಿ ಪೇಸ್ಟಲ್‌ನಲ್ಲಿ ಏನಾದರೂ ಬರೆದು ಮೇಲೆ ನೀಲಿ ವಾಟರ್ ಕಲರ್ ಹರಿಸಿ, ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ.

ಅಂಗಡಿಯಲ್ಲಿ ಜೆಸ್ಸೊ ಅಂತ ಒಂದು ಬಿಳಿ ದ್ರವ ಸಿಗುತ್ತದೆ. ಹಾಳೆಗೆ ಬಣ್ಣ ಹಿಡಿಯುವ ಹಿಡಿತ ಕೊಡುತ್ತದೆ. ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬಿಳಿ ಅಕ್ರಿಲಿಕ್ಕೇ ಸಾಕು.

ಮೊದಲ ಪುಟ, ಹಂತ ಹಂತವಾಗಿ

ಪುಸ್ತಕದ ಮೊದಲ ಹಾಳೆಯಿಂದ ಶುರು ಮಾಡಬೇಡಿ. ಮಧ್ಯೆ ಎಲ್ಲಾದರೂ ಬಿಚ್ಚಿ. ಮೊದಲ ಪುಟ ಚೆನ್ನಾಗಿರಬೇಕು ಅನ್ನುವ ಭಾರ ಅಲ್ಲಿಗೇ ಇಳಿಯುತ್ತದೆ.

ಹಂತ 1: ಬರೆಯಿರಿ. ಬಾಲ್ ಪೆನ್ನಿನಲ್ಲಿ ಹತ್ತು ನಿಮಿಷ, ಕೈ ನಿಲ್ಲಿಸದೆ. ತಲೆಯಲ್ಲಿ ಇರುವುದು ಏನೇ ಆಗಲಿ: ಗ್ಯಾಸ್ ಬುಕ್ ಮಾಡಬೇಕು, ತಂಗಿ ಮೇಲೆ ಸಿಟ್ಟು, ಕಾಲು ನೋವು. ಇದು ಕೆಳಗಿನ ಪದರ. ಆಮೇಲೆ ಮುಚ್ಚಿಹೋಗುತ್ತದೆ, ಆದ್ದರಿಂದ ನಿಜ ಬರೆಯಲು ಧೈರ್ಯ ಬರುತ್ತದೆ.

ಹಂತ 2: ಅಂಟಿಸಿ. ಮೂರು ಚೂರು ಸಾಕು. ಲಗ್ನಪತ್ರಿಕೆಯ ಅಂಚು, ಊದಿನಕಡ್ಡಿ ಪೊಟ್ಟಣ, ಸೋಪಿನ ಹೊದಿಕೆ, ಹಳೆ ಕ್ಯಾಲೆಂಡರಿನ ತಾರೀಖು. ಕತ್ತರಿಗಿಂತ ಕೈಯಲ್ಲಿ ಹರಿದರೆ ಅಂಚು ಮೃದುವಾಗಿ ಬರುತ್ತದೆ. ಫೆವಿಕಾಲ್ ಬಳಸುವುದಾದರೆ ಒಂದು ಹನಿ ಹಾಕಿ ಕಾರ್ಡಿನಿಂದ ತೆಳ್ಳಗೆ ಸವರಿ, ಕಾಗದವನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತಿ. ಜಾಸ್ತಿ ಅಂಟು ಅಂದರೆ ಜಾಸ್ತಿ ಸುಕ್ಕು. ದಿನಪತ್ರಿಕೆ ಕಾಗದ ಕೆಲವೇ ತಿಂಗಳಲ್ಲಿ ಹಳದಿ ತಿರುಗುತ್ತದೆ, ಅದು ಇಷ್ಟ ಇಲ್ಲದಿದ್ದರೆ ಮ್ಯಾಗಜಿನ್ ಹಾಳೆ ಆರಿಸಿ. ಯಂತ್ರದಿಂದ ಬರುವ ಬಸ್ ಟಿಕೆಟ್ಟು, ಅಂಗಡಿ ಬಿಲ್ಲು ಥರ್ಮಲ್ ಕಾಗದ. ಬರೀ ಬಿಸಿಗೆ ಮೂಡಿದ ಅಕ್ಷರ, ಕ್ರಮೇಣ ಅಳಿಸಿಹೋಗುತ್ತದೆ. ಉಳಿಯಲೇಬೇಕಾದ ಟಿಕೆಟ್ ಇದ್ದರೆ ಜೆರಾಕ್ಸ್ ಮಾಡಿಸಿ ಅದನ್ನು ಅಂಟಿಸಿ.

ಹಂತ 3: ಬಿಳಿ ಎಳೆಯಿರಿ. ಒಂದು ಕಡಲೆಕಾಳಿನಷ್ಟು ಬಿಳಿ ಬಣ್ಣವನ್ನು ಪುಟದ ಮೇಲೆ ಇಟ್ಟು ಕಾರ್ಡಿನಿಂದ ಎಳೆಯಿರಿ. ಕೆಲವು ಕಡೆ ಬರಹ ಮುಚ್ಚುತ್ತದೆ, ಕೆಲವು ಕಡೆ ಕಾಣುತ್ತದೆ. ಸಂಬಂಧ ಇಲ್ಲದ ಚೂರುಗಳನ್ನು ಒಂದು ಪುಟವನ್ನಾಗಿ ಮಾಡುವುದು ಈ ಹಂತವೇ. ಇದನ್ನು ಬಿಟ್ಟರೆ ಅಂಟಿಸಿದ್ದೆಲ್ಲ ಬೇರೆ ಬೇರೆಯಾಗಿಯೇ ಉಳಿಯುತ್ತದೆ.

ಹಂತ 4: ಬಣ್ಣ. ಎರಡು, ತಪ್ಪಿದರೆ ಮೂರು. ಹಳದಿ, ಕಿತ್ತಳೆ, ಕೆಂಪು ಒಂದಕ್ಕೊಂದು ನೆಂಟರು, ಒದ್ದೆ ಇದ್ದಾಗ ಬೆರೆತರೂ ಚೆಂದ. ನೀಲಿ, ಹಸಿರೂ ಹಾಗೆಯೇ. ಕೆಂಪು-ಹಸಿರು, ನೀಲಿ-ಕಿತ್ತಳೆ, ಹಳದಿ-ನೇರಳೆ ಒದ್ದೆಯಲ್ಲಿ ಬೆರೆತರೆ ಕೆಸರು ಬಣ್ಣ ಆಗುತ್ತದೆ. ಇವು ಬೇಕಿದ್ದರೆ ಒಂದು ಪೂರ್ತಿ ಒಣಗಲಿ, ಆಮೇಲೆ ಇನ್ನೊಂದು. ಬಣ್ಣ ಕಡಿಮೆ ಇದ್ದರೆ ಏನು ಮಾಡಬಹುದು ಅನ್ನುವುದಕ್ಕೆ ಮಲೆನಾಡಿನ ದೀವರು ಸಮುದಾಯದ ಮನೆಗಳ ಗೋಡೆಚಿತ್ರವಾದ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಇಷ್ಟರಲ್ಲೇ ಇಡೀ ಮದುವೆಯ ಗೋಡೆ ತುಂಬುತ್ತದೆ.

ಹಂತ 5: ಅಚ್ಚು. ಬೆಂಡೆಕಾಯಿ ತೊಟ್ಟಿನ ಕಡೆ ಅಡ್ಡ ಕತ್ತರಿಸಿ, ಬಣ್ಣಕ್ಕೆ ಒತ್ತಿ, ಪುಟಕ್ಕೆ ಒತ್ತಿ: ಪುಟ್ಟ ಹೂವು. ರಂಗೋಲಿ ಹಾಕುವ ತೂತಿನ ತಟ್ಟೆ ಮನೆಯಲ್ಲಿ ಇದ್ದರೆ ಅದು ಸಿದ್ಧ ಸ್ಟೆನ್ಸಿಲ್. ಸ್ಪಂಜಿಗೆ ಬಣ್ಣ ಹಚ್ಚಿ, ಕಾಗದದ ಮೇಲೆ ಒಮ್ಮೆ ಒತ್ತಿ ಹೆಚ್ಚಿನದು ತೆಗೆದು, ನೇರವಾಗಿ ತಟ್ಟಿ. ಉಜ್ಜಿದರೆ ಬಣ್ಣ ಅಡಿಗೆ ನುಗ್ಗುತ್ತದೆ.

ಹಂತ 6: ಕಣ್ಣು ನಿಲ್ಲುವ ಒಂದು ಜಾಗ. ಇಷ್ಟು ಹೊತ್ತು ಮಾಡಿದ್ದು ಹಿನ್ನೆಲೆ. ಈಗ ಒಂದೇ ಒಂದು ವಸ್ತು ಅಥವಾ ಒಂದೇ ಪದ, ದೊಡ್ಡದಾಗಿ, ಹಿನ್ನೆಲೆಗಿಂತ ತುಂಬ ಕಡು ಅಥವಾ ತುಂಬ ತಿಳಿ ಬಣ್ಣದಲ್ಲಿ. ಚಿತ್ರ ಬಿಡಿಸುವ ಆಸೆ ಇದ್ದು ಧೈರ್ಯ ಇಲ್ಲದವರು ಹೀಗೆ ಮಾಡಿ: ಕಾಫಿ ಲೋಟವನ್ನೋ ಬಾಗಿಲ ಚಿಲಕವನ್ನೋ ದಿಟ್ಟಿಸಿ ನೋಡುತ್ತಾ, ಹಾಳೆ ನೋಡದೆ, ಪೆನ್ನು ಎತ್ತದೆ ಅಂಚನ್ನು ಎಳೆಯಿರಿ. ಗೆರೆ ಸೊಟ್ಟ ಬರುತ್ತದೆ, ಆದರೆ ಅದರಲ್ಲಿ ಜೀವ ಇರುತ್ತದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳನ್ನು ಒಮ್ಮೆ ನೋಡಿ. ಕೆಲವೇ ಗೆರೆಗಳಲ್ಲಿ ಇಡೀ ಮೈಯ ಓಟ ಹಿಡಿದಿರುತ್ತಾರೆ. ಎಷ್ಟು ವಿವರ ಬಿಟ್ಟರೂ ನಡೆಯುತ್ತದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಕನ್ನಡ ಅಕ್ಷರವೇ ಚಿತ್ರ

ವಿಡಿಯೊಗಳನ್ನು ನೋಡಿ ಕಲಿತವರು ಪುಟದ ಮೇಲೆ ಇಂಗ್ಲಿಷ್ ಪದಗಳನ್ನೇ ಬರೆಯುವುದು ಜಾಸ್ತಿ. ಕನ್ನಡ ಲಿಪಿ ಎಷ್ಟು ಗುಂಡಗೆ, ಎಷ್ಟು ಸೊಗಸಾಗಿ ಇದೆ ಅಲ್ವಾ? ಅದನ್ನು ಬಿಡುವುದು ನಷ್ಟ. 'ಳ', 'ಐ', 'ಊ' ಇವನ್ನು ಪುಟ ತುಂಬ ದೊಡ್ಡದಾಗಿ ಬರೆದು ನೋಡಿ, ಒಳಗಿನ ಖಾಲಿ ಜಾಗಗಳಿಗೆ ಬೇರೆ ಬೇರೆ ಬಣ್ಣ ತುಂಬಿ.

ಚಪ್ಪಟೆ ತುದಿ ಇದ್ದರೆ ಗೆರೆ ದಪ್ಪ-ತೆಳು ಆಗಿ ಬರುತ್ತದೆ. ಕ್ಯಾಲಿಗ್ರಫಿ ಪೆನ್ನು ಬೇಕಿಲ್ಲ. ಐಸ್‌ಕ್ರೀಮ್ ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿ, ಶಾಯಿಯಲ್ಲಿ ಅದ್ದಿ, ಕೋನ ಬದಲಿಸದೆ ಬರೆಯಿರಿ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ, ಆದ್ದರಿಂದ ಎರಡು ಸಾಲಿನ ನಡುವೆ ಒಂದು ಅಕ್ಷರದ ಎತ್ತರದಷ್ಟಾದರೂ ಜಾಗ ಬಿಡಿ. ಜಾಗ ಉಳಿದರೆ ಒತ್ತಕ್ಷರದ ಬಾಲವನ್ನೇ ಎಳೆದು ಬಳ್ಳಿ ಮಾಡಬಹುದು.

ಅಕ್ಷರವನ್ನು ಬರೀ ನೇಯ್ಗೆಯಾಗಿಯೂ ಬಳಸಬಹುದು. ಒಂದೇ ವಾಕ್ಯವನ್ನು ಸಣ್ಣ ಅಕ್ಷರದಲ್ಲಿ ಪುಟ ತುಂಬುವವರೆಗೆ ಬರೆಯುತ್ತಾ ಹೋಗಿ. ದೂರದಿಂದ ಅದು ಬರಹವಾಗಿ ಕಾಣುವುದಿಲ್ಲ, ಬೂದು ಬಣ್ಣವಾಗಿ ಕಾಣುತ್ತದೆ.

ಯಾರೂ ಓದದಂತೆ ಬರೆಯುವುದು

ನಮ್ಮ ಮನೆಗಳಲ್ಲಿ ಬೀಗ ಹಾಕಿದ ಕೋಣೆ ಎಲ್ಲರಿಗೂ ಇರುವುದಿಲ್ಲ. ಮೇಜಿನ ಮೇಲಿನ ಪುಸ್ತಕವನ್ನು ಯಾರಾದರೂ ತೆರೆದು ನೋಡುತ್ತಾರೆ. ಬರೀ ಡೈರಿಗಿಂತ ಆರ್ಟ್ ಜರ್ನಲ್ ಹೆಚ್ಚು ಅನುಕೂಲ ಆಗುವುದು ಇಲ್ಲಿ, ಮತ್ತು ನನಗೆ ಇದರ ಅತಿ ದೊಡ್ಡ ಗುಣ ಇದೇ.

ಸುಲಭದ ದಾರಿ: ಪುಟ ತುಂಬ ಬರೆಯಿರಿ, ಪುಸ್ತಕವನ್ನು ಅಡ್ಡ ತಿರುಗಿಸಿ ಅದೇ ಬರಹದ ಮೇಲೆ ಮತ್ತೆ ಬರೆಯಿರಿ, ಇನ್ನೊಮ್ಮೆ ತಲೆಕೆಳಗಾಗಿ. ಮೂರನೇ ಸಲಕ್ಕೆ ನಿಮಗೂ ಓದಲು ಆಗುವುದಿಲ್ಲ. ಎರಡನೆಯದು, ಬರೆದದ್ದರ ಮೇಲೆ ದಟ್ಟ ಬಣ್ಣ ಬಳಿಯುವುದು. ಬಾಲ್ ಪೆನ್ನು ಒತ್ತಿ ಬರೆದಿದ್ದರೆ ಗೀರು ಉಳಿಯುತ್ತದೆ, ಹಗುರವಾಗಿ ಬರೆಯಿರಿ. ಮೂರನೆಯದು ಲಕೋಟೆ: ಪುಟಕ್ಕೆ ಒಂದು ಪುಟ್ಟ ಕವರ್ ಅಂಟಿಸಿ, ಬರೆದ ಚೀಟಿಯನ್ನು ಅದರೊಳಗೆ ಇಟ್ಟು ಬಾಯಿ ಮುಚ್ಚಿ. ಅಕ್ಕಪಕ್ಕದ ಎರಡು ಹಾಳೆಗಳ ಕೆಳಗಿನ ಮತ್ತು ಹೊರಗಿನ ಅಂಚನ್ನು ಅಂಟಿಸಿ ಮೇಲಿನದನ್ನು ಬಿಟ್ಟರೂ ಚೀಲ ಆಗುತ್ತದೆ.

ನೋವಿನ ವಿಷಯಕ್ಕೆ ಇದು ನಿಜಕ್ಕೂ ಒದಗುತ್ತದೆ. ಮೆಕ್ಸಿಕೊದ ಕಲಾವಿದೆ ಫ್ರಿಡಾ ಕಾಹ್ಲೊ ಬದುಕಿನ ಕೊನೆಯ ಸುಮಾರು ಹತ್ತು ವರ್ಷ ಇಂಥ ಒಂದು ಪುಸ್ತಕ ಇಟ್ಟುಕೊಂಡಿದ್ದರು. ಪತ್ರ, ಬಣ್ಣ, ಚೆಲ್ಲಿದ ಶಾಯಿಯಿಂದ ಹುಟ್ಟಿದ ಮುಖಗಳು, 1953ರಲ್ಲಿ ಬಲಗಾಲು ಕತ್ತರಿಸಿದ ದಿನಗಳ ಪುಟಗಳು ಅದರಲ್ಲಿವೆ. ಅವರು ತೀರಿಕೊಂಡಿದ್ದು 1954ರಲ್ಲಿ. ಆ ಪುಟಗಳು ಅಚ್ಚಾಗಿದ್ದು 1995ರಲ್ಲಿ.

ಬರೆಯುತ್ತಾ ಮನಸ್ಸು ತೀರ ಕಲಕಿದರೆ ಅಲ್ಲಿಗೇ ನಿಲ್ಲಿಸಿ, ಮಾತು ಬಿಟ್ಟು ಬರೀ ಬಣ್ಣಕ್ಕೆ ಹೋಗಿ. ಆ ಭಾರ ದಿನಗಟ್ಟಲೆ ಇಳಿಯದಿದ್ದರೆ ಜರ್ನಲ್ ಒಂದರಿಂದಲೇ ಆಗುವ ಕೆಲಸ ಅಲ್ಲ ಅದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಅಡುಗೆಮನೆ ಬಣ್ಣ

ಕಾಫಿ ಡಿಕಾಕ್ಷನ್ ಒಳ್ಳೆ ಕಂದು ಬಣ್ಣ. ಒಂದು ಸಲ ಬಳಿದರೆ ತಿಳಿ, ಒಣಗಿಸಿ ಮತ್ತೆ ಬಳಿದರೆ ಕಡು. ಸಕ್ಕರೆ ಹಾಕಿರಬಾರದು, ಇರುವೆ ಬರುತ್ತದೆ. ಅರಿಸಿನದ ನೀರು ಬಳಿದು, ಅದು ಒಣಗುವ ಮುಂಚೆ ಸುಣ್ಣದ ತಿಳಿಯನ್ನು ಕಡ್ಡಿಯಿಂದ ತಾಗಿಸಿ: ತಾಗಿದಲ್ಲೆಲ್ಲ ಕೆಂಪು. ಆರತಿ ತಟ್ಟೆಯ ಕುರುದಿ ನೀರು ಕೆಂಪಾಗುವುದೂ ಹೀಗೇ, ಸುಣ್ಣದ ಕ್ಷಾರಕ್ಕೆ ಅರಿಸಿನ ಬಣ್ಣ ಬದಲಿಸುತ್ತದೆ. ಆದರೆ ಅರಿಸಿನ ಬೆಳಕಿಗೆ ಬೇಗ ಮಾಸುತ್ತದೆ. ಬೀಟ್‌ರೂಟ್ ಇನ್ನೂ ಬೇಗ. ಬಹುಕಾಲ ಉಳಿಯಬೇಕಾದ ಪುಟಕ್ಕೆ ಇವು ಬೇಡ.

ಪುಟ ಕೆಟ್ಟಿತು ಅನ್ನಿಸಿದಾಗ

ಹರಿಯಬೇಡಿ. ಒಂದು ವಾರ ಬಿಟ್ಟು ತೆರೆಯಿರಿ. ಆಗಲೂ ಸರಿ ಕಾಣದಿದ್ದರೆ ಅದನ್ನು ಮುಂದಿನ ಪುಟದ ಹಿನ್ನೆಲೆ ಮಾಡಿಕೊಳ್ಳಿ: ಮೇಲೆ ಬಿಳಿ ಎಳೆದು, ಕಾಗದ ಅಂಟಿಸಿ, ಮತ್ತೆ ಹಂತ 4ರಿಂದ ಹೊರಡಿ. ಹೀಗೆ ಎರಡು ಮೂರು ಸಲ ಮುಚ್ಚಿದ ಪುಟಗಳಿಗೆ ಹೊಸ ಹಾಳೆಗೆ ಇಲ್ಲದ ಆಳ ಬರುತ್ತದೆ.

ರವೀಂದ್ರನಾಥ ಟ್ಯಾಗೋರರು ಕವನ ಬರೆಯುವಾಗ ಹೊಡೆದು ಹಾಕಿದ ಪದಗಳನ್ನು ಗೆರೆಗಳಿಂದ ಸೇರಿಸುತ್ತಾ ಹೋಗುತ್ತಿದ್ದರು. ಕಾಟುಗಳು ಹಕ್ಕಿಯಾಗುತ್ತಿದ್ದವು, ವಿಚಿತ್ರ ಪ್ರಾಣಿಯಾಗುತ್ತಿದ್ದವು. 1924ರಲ್ಲಿ ಅರ್ಜೆಂಟೀನಾದಲ್ಲಿದ್ದಾಗಿನ ಹಸ್ತಪ್ರತಿಯಲ್ಲಿ ಇದು ತುಂಬ ಇದೆ. ಆಗ ಅವರಿಗೆ ಅರವತ್ತು ದಾಟಿತ್ತು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಬರಹದಲ್ಲಿ ತಪ್ಪಾದಾಗ ನೀವೂ ಇದನ್ನೇ ಮಾಡಿ: ಕಪ್ಪು ಪೆನ್ನಿನಲ್ಲಿ ಪದವನ್ನು ಪೂರ್ತಿ ತುಂಬಿ, ಪಕ್ಕದ ಕಾಟಿಗೆ ಗೆರೆ ಎಳೆದು, ಅದು ಏನಾಗುತ್ತದೋ ನೋಡಿ.

ಏನು ತುಂಬಿಸೋದು, ಯಾವಾಗ

ವಿಷಯಕ್ಕೆ ದೂರ ಹೋಗಬೇಡಿ. ಇವತ್ತು ಕಿವಿಗೆ ಬಿದ್ದ ಮಾತುಗಳು. ಮನೆಯಿಂದ ಮಾರುಕಟ್ಟೆಗೆ ಹೋಗುವ ದಾರಿಯ ನಕ್ಷೆ, ಅಳತೆ ಇಲ್ಲದೆ, ನೀವು ನಿಲ್ಲುವ ಜಾಗಗಳು ಮಾತ್ರ ದೊಡ್ಡದಾಗಿ. ಅಮ್ಮನ ಹುಳಿಪುಡಿ ಲೆಕ್ಕ, ಆಕೆ ಹೇಳಿದ ಮಾತಿನಲ್ಲೇ. ತಿಂಗಳಿಗೆ ಒಂದು ಪುಟವನ್ನು ಮೂವತ್ತು ಚೌಕ ಮಾಡಿ ದಿನಕ್ಕೊಂದು ಬಣ್ಣ ತುಂಬುವುದು. ಆಸ್ಪತ್ರೆಯಲ್ಲಿ ಕಾದು ಕೂತ ಹೊತ್ತು. ಊರು ಬಿಟ್ಟು ಹೊರದೇಶದಲ್ಲಿ ಇರುವವರಾದರೆ ಅಲ್ಲಿನ ಸಾಮಾನಿನ ಚೀಟಿಯ ಪಕ್ಕ ಅದೇ ತರಕಾರಿಯ ಊರಿನ ಹೆಸರು.

ಒಂದೇ ಸಲಕ್ಕೆ ಒಂದು ಪುಟ ಮುಗಿಸುವ ಹಟ ಬೇಡ. ಬಣ್ಣ ಒಣಗಲು ಹೊತ್ತು ಬೇಕು, ನಿಮಗೆ ಬಿಡುವು ಇರುವುದು ಇಪ್ಪತ್ತು ನಿಮಿಷ. ಆದ್ದರಿಂದ ಮೂರು ನಾಲ್ಕು ಪುಟಗಳನ್ನು ಒಟ್ಟಿಗೆ ನಡೆಸಿ. ಭಾನುವಾರ ಸುಮ್ನೆ ಹಿನ್ನೆಲೆಗಳನ್ನು ಮಾಡಿಟ್ಟರೆ ವಾರದ ದಿನಗಳಲ್ಲಿ ಖಾಲಿ ಹಾಳೆ ಎದುರಾಗುವುದಿಲ್ಲ, ಪೆನ್ನು ಹಿಡಿದು ಎರಡು ಸಾಲು ಬರೆದರೂ ಪುಟ ಮುಂದೆ ಹೋಗುತ್ತದೆ.

ಕಾಪಾಡಿಕೊಳ್ಳುವುದು

ಅಕ್ರಿಲಿಕ್ ಹಾಕಿದ ಪುಟಗಳು ಎದುರುಬದುರಾಗಿ ಒತ್ತಿಕೊಂಡರೆ ಅಂಟಿಕೊಳ್ಳುತ್ತವೆ. ಸೆಕೆಗೂ ಮಳೆಗಾಲದ ತೇವಕ್ಕೂ ಇದು ಜಾಸ್ತಿ. ಎರಡು ಪುಟದ ನಡುವೆ ಬಟರ್ ಪೇಪರ್ ಇಡಿ, ಮೇಲೆ ಬೇರೆ ಪುಸ್ತಕಗಳ ಭಾರ ಹೇರಬೇಡಿ. ಅಂಟಿಕೊಂಡೇ ಬಿಟ್ಟಿದ್ದರೆ ಜಗ್ಗಬೇಡಿ, ಒಂದು ಮೂಲೆಯಿಂದ ನಿಧಾನವಾಗಿ ಬಿಡಿಸಿ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕವನ್ನು ಮುಚ್ಚುವ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ಪುಟ ಪೂರ್ತಿ ಒಣಗದೆ ಡಬ್ಬಿಗೆ ಹಾಕಿದರೆ ಬೂಷ್ಟು ಗ್ಯಾರಂಟಿ.

ಪುಸ್ತಕದ ಕೊನೆಯ ಎರಡು ಹಾಳೆಗಳನ್ನು ಬಣ್ಣ, ಪೆನ್ನು ಪರೀಕ್ಷೆಗೆ ಅಂತ ಬಿಡಿ, ಯಾವ ಪೆನ್ನು ಹರಡಿತು, ಯಾವ ಎರಡು ಬಣ್ಣ ಬೆರೆತು ಏನಾಯಿತು ಅಂತ ಪಕ್ಕದಲ್ಲೇ ಬರೆದುಕೊಳ್ಳಿ. ಪುಸ್ತಕ ತುಂಬಿದ ಮೇಲೆ ಬೆನ್ನಿನ ಮೇಲೆ ಶುರುವಾದ ಮತ್ತು ಮುಗಿದ ತಿಂಗಳು ಹಾಕಿ. ಮುಂದಿನ ಪುಸ್ತಕ ತರುವಾಗ ಈ ಪರೀಕ್ಷೆಯ ಹಾಳೆಗಳನ್ನು ನೋಡಿಕೊಂಡು ಹೋದರೆ ಏನು ಕೊಳ್ಳಬೇಕು, ಏನು ಬೇಡ ಅನ್ನುವುದು ಅಂಗಡಿಯವರನ್ನು ಕೇಳದೆಯೇ ತಿಳಿಯುತ್ತದೆ.